ಅಳತೆಗೆ ಸಿಕ್ಕ ಚಿತ್ರ: ಸಿದ್ಧ ಕಟ್ಟಿನ ಚರಿತ್ರೆ

ದೇವರ ಪಟವನ್ನೋ ಅಜ್ಜ-ಅಜ್ಜಿಯರ ಭಾವಚಿತ್ರವನ್ನೋ ಅಂಗಡಿಗೆ ಕೊಂಡೊಯ್ದು 'ಕಟ್ಟು ಹಾಕಿಸಿಕೊಂಡು' ಬರುವುದು ನಮ್ಮಲ್ಲಿ ಬಹುಕಾಲದ ರೂಢಿ. ಅಂಗಡಿಯವರು ಚಿತ್ರದ ಅಳತೆ ತೆಗೆದು, ಮರದ ಪಟ್ಟಿಯ ತುದಿಗಳನ್ನು ಓರೆಯಾಗಿ ಕೊಯ್ದು, ಮೊಳೆ ಹೊಡೆದು, ಗಾಜು ಕೂರಿಸಿ, ಹಿಂದೆ ರಟ್ಟು ಇಟ್ಟು ಕೊಡುತ್ತಾರೆ. ಅದೇ ಅಂಗಡಿಯ ಗೋಡೆಯ ಮೇಲೆ ಮೊದಲೇ ಮಾಡಿಟ್ಟ ಖಾಲಿ ಕಟ್ಟುಗಳೂ ತೂಗಾಡುತ್ತಿರುತ್ತವೆ. ಬರುವ ಚಿತ್ರ ಯಾವುದೆಂದು ತಿಳಿಯದೆ ಅದಕ್ಕೆ ಕಟ್ಟು ಮಾಡಿಡುವುದು ಹೇಗೆ ಸಾಧ್ಯವಾಯಿತು?

ಚಿತ್ರಗಳ ಅಳತೆ ನಿಗದಿಯಾದದ್ದರಿಂದ. ಲಂಡನ್ನಿನಲ್ಲಿ ಗಾಡ್‌ಫ್ರೆ ನೆಲ್ಲರ್ ಎಂಬ ಕಲಾವಿದ 18ನೆಯ ಶತಮಾನದ ಆರಂಭದ ಸುಮಾರಿನಲ್ಲಿ ಕಿಟ್-ಕ್ಯಾಟ್ ಕ್ಲಬ್ಬಿನ ಸದಸ್ಯರ 40ಕ್ಕೂ ಹೆಚ್ಚು ಭಾವಚಿತ್ರಗಳನ್ನು ಬರೆದ. ಬಹುಪಾಲು ಎಲ್ಲವೂ 36 ಅಂಗುಲ ಎತ್ತರ, 28 ಅಂಗುಲ ಅಗಲ. ಮುಂದೆ ಆ ಅಳತೆಗೇ 'ಕಿಟ್-ಕ್ಯಾಟ್' ಎಂಬ ಹೆಸರು ನಿಂತಿತು. ಛಾಯಾಚಿತ್ರ ಬಂದಮೇಲಂತೂ ಗಾಜಿನ ಫಲಕದ ಗಾತ್ರವೇ ಚಿತ್ರದ ಗಾತ್ರ: ಫುಲ್ ಪ್ಲೇಟ್ ಎಂದರೆ 8½ × 6½ ಅಂಗುಲ, ಹಾಫ್ ಪ್ಲೇಟ್ ಎಂದರೆ 6½ × 4¾ ಅಂಗುಲ.

ನಮ್ಮ ದೇಶದಲ್ಲಿ ಈ ಬದಲಾವಣೆಯನ್ನು ಮನೆಮನೆಗೆ ತಂದದ್ದು ಬಣ್ಣದ ಅಚ್ಚು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದರು. ಕಲ್ಲಚ್ಚಿನ ಕೆಲಸ, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವರ ಮೂಲ ಕೃತಿಗಳನ್ನು ನೋಡಿದವರಿಗೆ ಅವು ಎಷ್ಟು ದೊಡ್ಡವೆಂಬುದು ಗೊತ್ತು. ಅಂಥವಕ್ಕೆ ಕಟ್ಟು ಹಾಕುವುದು ಒಂದು ಬಾರಿಯ ಕೆಲಸ. ಆದರೆ ಅಚ್ಚಾದ ಲಕ್ಷ್ಮಿ, ಸರಸ್ವತಿಯರ ಪ್ರತಿಗಳೆಲ್ಲ ಒಂದೇ ಗಾತ್ರ. ಸುಮಾರು 20 × 14 ಅಂಗುಲದವು ಇಂದಿಗೂ ಹಳೆಯ ಮನೆಗಳಲ್ಲಿ ಕಾಣಸಿಗುತ್ತವೆ. ಒಂದಕ್ಕೆ ಹೊಂದಿದ ಕಟ್ಟು ನೂರಕ್ಕೂ ಹೊಂದುತ್ತದೆ.

ಈ ಸಂಬಂಧ ತಿರುಗುಮುರುಗಾದದ್ದೂ ಉಂಟು. 1920ರ ದಶಕದಲ್ಲಿ ಕರಾಚಿಯಲ್ಲಿ ಬ್ರಿಜ್‌ಬಾಸಿ ಸೋದರರು ಚಿತ್ರಗಳಿಗೆ ಕಟ್ಟು ಹಾಕುವ ವ್ಯಾಪಾರದಲ್ಲಿದ್ದರು. ಅವರು ನಾಥದ್ವಾರದ ಕಲಾವಿದರ ಚಿತ್ರಗಳನ್ನು ಜರ್ಮನಿಯಲ್ಲಿ ಮುದ್ರಿಸಿ ತರಿಸತೊಡಗಿದರು. ಕಟ್ಟಿನವರೇ ಚಿತ್ರದ ಪ್ರಕಾಶಕರಾದರು!

ಬಿಡಿ ಅಂಗಡಿಯವನಿಗೆ ಸಿದ್ಧ ಕಟ್ಟು ಏಕೆ ಬೇಕಾಯಿತು? ಒಂದು ಸಣ್ಣ ಲೆಕ್ಕ ಮಾಡೋಣ. 20 × 14 ಅಂಗುಲದ ಚಿತ್ರದ ಸುತ್ತಳತೆ 68 ಅಂಗುಲ. ಒಂದು ಅಂಗುಲ ಅಗಲದ ಪಟ್ಟಿಯಾದರೆ ನಾಲ್ಕು ಮೂಲೆಗಳ ಓರೆಕೊಯ್ತಕ್ಕೆ ಇನ್ನೂ 8 ಅಂಗುಲ; ಒಟ್ಟು 76. ಹತ್ತು ಅಡಿಯ ಪಟ್ಟಿಯಲ್ಲಿ, ಗರಗಸಕ್ಕೆ ಹೋಗುವ ಪುಡಿ ಬಿಟ್ಟರೆ, 44 ಅಂಗುಲ ಉಳಿಯಿತು. ಇನ್ನೊಂದು ದೊಡ್ಡ ಪಟಕ್ಕೆ ಅದು ಸಾಲದು. ಒಲೆಗೆ ಹಾಕಲು ಮನಸ್ಸು ಬಾರದು. ಹಾಫ್ ಪ್ಲೇಟ್ ಫೋಟೋವಿಗೆ ಬೇಕಾದದ್ದು ಇದೇ ಲೆಕ್ಕದಲ್ಲಿ 30½ ಅಂಗುಲ. ಗಿರಾಕಿಯಿಲ್ಲದ ಮಧ್ಯಾಹ್ನ ಆ ತುಂಡು ಒಂದು ಪುಟ್ಟ ಕಟ್ಟಾಗಿ ಗೋಡೆ ಸೇರುತ್ತದೆ. ಹೀಗೆ ಉಳಿಕೆಯ ಮರವೂ ಬಿಡುವಿನ ಹೊತ್ತೂ ಹಣವಾದವು. ಕೊಳ್ಳುವವನಿಗೂ ಬೆಲೆ ಕಡಿಮೆ, ಕಾಯುವ ಕೆಲಸವಿಲ್ಲ. ಸಿದ್ಧ ಕಟ್ಟನ್ನು ಕೀಳೆಂದು ಮೂಗು ಮುರಿಯುವವರ ಮಾತನ್ನು ನಾನಂತೂ ಒಪ್ಪಲಾರೆ.

ಆದರೆ ಒಂದು ನಷ್ಟವನ್ನು ಹೇಳಲೇಬೇಕು. ಅಳತೆಗೆ ಮಾಡಿದ ಕಟ್ಟು ಚಿತ್ರಕ್ಕೆ ಹೊಂದಿಕೊಳ್ಳುತ್ತದೆ. ಸಿದ್ಧ ಕಟ್ಟಿಗೆ ಚಿತ್ರವೇ ಹೊಂದಿಕೊಳ್ಳಬೇಕು. ಅರ್ಧ ಅಂಗುಲ ಹೆಚ್ಚಿದ್ದರೆ ಕತ್ತರಿ ಬೀಳುವುದು ಬಿಳಿಯ ಅಂಚಿಗೆ. ಆ ಅಂಚಿನಲ್ಲೇ ಚಿತ್ರದ ಹೆಸರು, ಮುದ್ರಣಾಲಯದ ಹೆಸರು ಅಚ್ಚಾಗಿರುತ್ತಿದ್ದವು. ಅದು ಹೋದಮೇಲೆ ಪಟ ಎಲ್ಲಿಯದು, ಯಾವ ಕಾಲದ್ದು ಎಂದು ನಿರ್ಧರಿಸಲು ಸಂಶೋಧಕರು ತಿಣುಕಬೇಕಾಗುತ್ತದೆ.

ಕೆಲವೊಮ್ಮೆ ಕಟ್ಟೇ ನೆರವಿಗೆ ಬರುವುದುಂಟು. ರಟ್ಟಿನ ಜೊತೆ ಒತ್ತಾಗಿ ಇಟ್ಟ ಹಳೆಯ ವೃತ್ತಪತ್ರಿಕೆಯ ಹಾಳೆಯಲ್ಲಿ ತಾರೀಖು ಉಳಿದಿದ್ದರೆ, ಆ ದಿನಕ್ಕಿಂತ ಮೊದಲು ಅದನ್ನು ಕಟ್ಟಿನೊಳಗೆ ಇಟ್ಟಿರಲಾರರು. ನಿಮ್ಮ ಮನೆಯ ಹಳೆಯ ಪಟಕ್ಕೆ ಹೊಸ ಕಟ್ಟು ಹಾಕಿಸುವ ದಿನ ಅಂಗಡಿಯಲ್ಲೇ ನಿಂತು, ಹಿಂದಿನಿಂದ ಬಿಚ್ಚಿ ತೆಗೆದ ಕಾಗದಗಳನ್ನು ಕೇಳಿ ಪಡೆದುಕೊಳ್ಳಿ.