ಹಿತ್ತಾಳೆಯ ಬಿಲ್ಲೆಯಿಂದ ಮೊಬೈಲಿನ ಕಾರ್ಡಿನವರೆಗೆ

ರಾಜ್ಯೋತ್ಸವವೆಂಬುದು ಹೆಸರಿನ ಹಬ್ಬವೂ ಹೌದು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ನಾಡು ಬಹುಮಟ್ಟಿಗೆ ಒಂದಾಯಿತು. 1973ರ ನವೆಂಬರ್ 1ರಂದು ಮೈಸೂರು ಎಂಬ ರಾಜ್ಯದ ಹೆಸರು ಹೋಗಿ ಕರ್ನಾಟಕವೆಂಬ ಹೆಸರು ಬಂದಿತು. ಹೆಸರು ಬದಲಾದ ಮಾತ್ರಕ್ಕೆ ನಾಡಿನ ನೆಲವೇನೂ ಬದಲಾಗುವುದಿಲ್ಲ. ಆದರೆ ಕಚೇರಿಯ ಮೊಹರು, ಕಾಗದದ ತಲೆಬರಹ, ದಫ್ತರಗಳೆಲ್ಲವೂ ಬದಲಾಗಬೇಕಾಗುತ್ತವೆ. ಆ ಸಂಧಿಕಾಲದಲ್ಲಿ ಸಾಮಾನ್ಯ ಮನುಷ್ಯನು ಎಡವದಂತೆ ನೋಡಿಕೊಳ್ಳುವುದು ನಮ್ಮಂತಹ ಗುಮಾಸ್ತರ ಕೆಲಸ. ಬ್ಯಾಂಕಿನ ಕೌಂಟರಿನ ಹಿಂದೆ ದಿನ ಕಳೆಯುವ ನಮಗೆ ಈ ಮಾತು ಕೆಲವು ವರ್ಷಗಳ ಹಿಂದೆ ಕಹಿಯಾದ ಅನುಭವದಿಂದ ಮನದಟ್ಟಾಯಿತು. ಮೊಬೈಲಿನ ವಾಲೆಟ್‌ನಲ್ಲಿ ಕಾರ್ಡಿನ ವಿವರ ತಿದ್ದುವುದೆಂಬ ಅಲ್ಪ ವಿಷಯವನ್ನು ಹಬ್ಬದ ಸಂಚಿಕೆಗೆ ತಂದಿರುವುದಕ್ಕೆ ಅದೇ ಕಾರಣ. ವಾಚಕರು ಮನ್ನಿಸಬೇಕು.

ನಮ್ಮ ಕರಾವಳಿಯು ಬ್ಯಾಂಕುಗಳ ತವರೆಂಬುದು ಎಲ್ಲರೂ ಬಲ್ಲ ಸಂಗತಿ. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಆ ಒಂದೇ ಜಿಲ್ಲೆಯಲ್ಲಿ 1906ರ ಒಂದೇ ವರ್ಷದೊಳಗೆ ಎರಡು ಸಂಸ್ಥೆಗಳು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಸಂಸ್ಥೆಯು ಮುಂದೆ ಕಾರ್ಪೊರೇಶನ್ ಬ್ಯಾಂಕಾಯಿತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಸ್ಥಾಪಿಸಿದ ನಿಧಿಯು ಕೆನರಾ ಬ್ಯಾಂಕಾಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ, 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕು ತಲೆಯೆತ್ತಿದವು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡದ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹುಡುಗರು ಮೊದಲ ಸಂಬಳವನ್ನು ಇಂತಹ ಬ್ಯಾಂಕುಗಳ ಪಾಸ್‌ಬುಕ್ಕಿಗೆ ಸೇರಿಸಿದರು. ಬ್ಯಾಂಕಿನ ಬಾಗಿಲಿನಲ್ಲಿ ಊರಿನ ಮಾತು ಕೇಳುತ್ತಿತ್ತು. ಅದೇ ಅವರಿಗೆ ಧೈರ್ಯ.

ಆ ಕಾಲದ ಬ್ಯಾಂಕು ತನ್ನ ಗಿರಾಕಿಯನ್ನು ಗುರುತಿಸುತ್ತಿದ್ದ ಬಗೆಯನ್ನು ಇಲ್ಲಿ ನೆನೆಯಬೇಕು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿಯೆಂಬ ಏರ್ಪಾಡನ್ನು ಆರಂಭಿಸಿದರು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಬ್ಯಾಂಕಿನ ಪ್ರತಿನಿಧಿಯು ಮನೆಬಾಗಿಲಿಗೇ ಬಂದು ಪಡೆದು ಲೆಕ್ಕಕ್ಕೆ ಸೇರಿಸುತ್ತಿದ್ದನು. ಅವನಿಗೆ ಗಿರಾಕಿಯ ಮುಖ ಗೊತ್ತು. ಗಿರಾಕಿಗೆ ಅವನ ಮುಖ ಗೊತ್ತು. ಇದು ಮೊದಲನೆಯ ಬಗೆ. ಎರಡನೆಯದು ಸಹಿ. ಖಾತೆ ತೆರೆಯುವಾಗ ಮಾದರಿಯಾಗಿ ಹಾಕಿಕೊಟ್ಟ ಸಹಿಯೊಂದಿಗೆ ಚೆಕ್ಕಿನ ಸಹಿಯನ್ನು ಹೋಲಿಸಿ ನೋಡಿದ ನಂತರವೇ ಹಣ ಹೊರಗೆ ಹೋಗಬೇಕು. ವಯಸ್ಸಾಗಿ ಕೈ ನಡುಗಿ ಸಹಿ ಕೆಟ್ಟರೆ ಗಿರಾಕಿಯು ಸ್ವತಃ ಬಂದು ಹೊಸ ಮಾದರಿ ಕೊಡಬೇಕು. ವಿವರ ತಿದ್ದುವ ಈ ಪದ್ಧತಿಯು ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಅದು ಬ್ಯಾಂಕಿನಷ್ಟೇ ಹಳೆಯದು.

ಮೂರನೆಯದು ಹಿತ್ತಾಳೆಯ ಬಿಲ್ಲೆ. ಚೆಕ್ಕನ್ನು ಒಳಗೆ ಕೊಟ್ಟವನಿಗೆ ಅಂಕೆ ಕೊರೆದ ಬಿಲ್ಲೆಯೊಂದನ್ನು ಕೊಡುತ್ತಿದ್ದರು. ಜನ ಅದನ್ನು ಟೋಕನ್ ಎನ್ನುತ್ತಿದ್ದರು. ಚೆಕ್ಕು ಲೆಜರಿನಿಂದ ಅಧಿಕಾರಿಗೆ, ಅಧಿಕಾರಿಯಿಂದ ಕ್ಯಾಷಿಯರಿಗೆ ಹೋಗುವವರೆಗೆ ಬಿಲ್ಲೆ ಗಿರಾಕಿಯ ಅಂಗೈಯಲ್ಲಿರುತ್ತಿತ್ತು. ಅಂಕೆ ಕೂಗಿದಾಗ ಬಿಲ್ಲೆ ಒಪ್ಪಿಸಿ ಹಣ ಪಡೆಯಬೇಕು. ಆ ಬಿಲ್ಲೆಯ ಮೇಲೆ ಹೆಸರಿಲ್ಲ, ಖಾತೆಯ ಸಂಖ್ಯೆಯಿಲ್ಲ, ಮೊತ್ತವಿಲ್ಲ. ಆ ಶಾಖೆಯ ಆ ಕೌಂಟರಿನಲ್ಲಿ ಆ ಹೊತ್ತಿಗಷ್ಟೇ ಅದಕ್ಕೆ ಬೆಲೆ. ನಮ್ಮ ಶಾಖೆಯ ಕಪಾಟಿನಲ್ಲಿ ಅಂತಹ ಬಿಲ್ಲೆಗಳ ಪೆಟ್ಟಿಗೆಯೊಂದು ಇಂದಿಗೂ ಇದೆ. ಈ ಬಿಲ್ಲೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರಲಿದೆ.

ಬಳಿಕ ಬಂದದ್ದು ಕಾರ್ಡಿನ ಯುಗ. 1987ರಲ್ಲಿ ಈ ಮುಂಬಯಿಯಲ್ಲಿಯೇ ಎಚ್‌ಎಸ್‌ಬಿಸಿ ಬ್ಯಾಂಕು ಭಾರತದ ಮೊದಲನೆಯ ಎಟಿಎಂ ಯಂತ್ರವನ್ನು ಇಟ್ಟಿತು. ಮುಖ, ಸಹಿಗಳ ಜಾಗದಲ್ಲಿ ಅಂಕೆಗಳು ಬಂದು ಕುಳಿತವು. ಕಾರ್ಡಿನ ಮೇಲಿನ ಉದ್ದನೆಯ ಸಂಖ್ಯೆಯಲ್ಲಿ ಮೊದಲ ಕೆಲವು ಅಂಕೆಗಳು ಕಾರ್ಡು ಕೊಟ್ಟ ಬ್ಯಾಂಕನ್ನು ಸೂಚಿಸುತ್ತವೆ. ಕಡೆಯ ಅಂಕೆಯು ಉಳಿದವು ಸರಿಯೇ ಎಂದು ತಾಳೆ ನೋಡುವುದಕ್ಕಾಗಿ ಇರುವುದು. ಅಮೆರಿಕದ ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ ಎಂಬಾತನು ಕಂಡುಹಿಡಿದು 1960ರಲ್ಲಿ ಹಕ್ಕುಪತ್ರ ಪಡೆದ ಲೆಕ್ಕ ಅದು. ಒಂದಂಕೆ ತಪ್ಪಾಗಿ ಒತ್ತಿದರೆ ಮೊಬೈಲು ಕೂಡಲೇ ‘ಸಂಖ್ಯೆ ಸರಿಯಿಲ್ಲ’ ಎನ್ನುವುದು ಈ ಲೆಕ್ಕದ ಬಲದಿಂದಲೇ. ಆದರೆ ಈ ಲೆಕ್ಕವು ಅಂಕೆಯ ತಪ್ಪನ್ನು ಹಿಡಿಯುತ್ತದೆಯೇ ಹೊರತು, ಅಂಕೆಯನ್ನು ಒತ್ತುತ್ತಿರುವವನು ಯಾರೆಂಬುದನ್ನು ಹೇಳಲಾರದು.

ಆ ಕೊರತೆಯನ್ನು ತುಂಬಲು ರಿಸರ್ವ್ ಬ್ಯಾಂಕು ಒಂದೊಂದೇ ಬೀಗ ಹಾಕುತ್ತ ಬಂದಿತು. 2009ರ ಆಗಸ್ಟ್ 1ರಿಂದ ಅಂತರ್ಜಾಲದಲ್ಲಿ ಕಾರ್ಡು ಬಳಸುವವರು ಕಾರ್ಡಿನ ಮೇಲೆ ಕಾಣದಿರುವ ಇನ್ನೊಂದು ಗುಟ್ಟನ್ನೂ ಒದಗಿಸಬೇಕೆಂದಾಯಿತು. ಇಂದು ನಾವೆಲ್ಲ ಓಟಿಪಿಯೆಂದು ಕರೆಯುವ ಒಂದು ಸಲದ ಸಂಖ್ಯೆಯು ಈ ಕೆಲಸಕ್ಕೆ ರೂಢಿಯಾಯಿತು. ಹಳೆಯ ಕಾಂತಪಟ್ಟಿಯ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಚಿಪ್ ಇರುವ ಕಾರ್ಡುಗಳಾಗಿ ಬದಲಾಯಿಸಬೇಕೆಂಬ ಕಟ್ಟಳೆ ಬಂದಿತು. ಈ ನಡುವೆ 2016ರಲ್ಲಿ ಯುಪಿಐ ಬಂದು, ಅದೇ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾಗಿ, ತರಕಾರಿಯವನ ಗಾಡಿಗೂ ಮೊಬೈಲಿನ ಪಾವತಿ ಹೊಕ್ಕಿತು. ವಾಲೆಟ್‌ನಲ್ಲಿ ಕಾರ್ಡಿನ ಸಂಖ್ಯೆಯನ್ನು ಒಮ್ಮೆ ತುಂಬಿಸಿಟ್ಟು, ಬೇಕಾದಾಗ ಹಣ ಹಾಕಿಕೊಳ್ಳುವುದು ಹಿರಿಯರಿಗೂ ರೂಢಿಯಾಯಿತು.

ಅಷ್ಟರಲ್ಲಿ ಹೆಸರುಗಳು ಅಳಿದವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು, ದೇಶವೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿ ಕುಳಿತಿದ್ದಾಗ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ವಿಜಯಾ ಬ್ಯಾಂಕಿನ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಮಾರ್ಚ್ 1ರಿಂದಲೂ, ಸಿಂಡಿಕೇಟ್ ಬ್ಯಾಂಕಿನವು ಅದೇ ಜುಲೈ 1ರಿಂದಲೂ ನಿಂತುಹೋದವು. ಹೊಸ ಬ್ಯಾಂಕಿನ ಹೆಸರಿನಲ್ಲಿ ಹೊಸ ಕಾರ್ಡು ಬಂದಾಗ ಅದರ ಸಂಖ್ಯೆಯೂ ಹೊಸದೇ. ಆದರೆ ವಾಲೆಟ್‌ಗೆ ಇದೇನೂ ತಿಳಿಯದು. ಅದರೊಳಗೆ ಹಳೆಯ ಕಾರ್ಡು ಹಳೆಯ ಹೆಸರನ್ನೇ ಹೊತ್ತು ಕುಳಿತಿರುತ್ತದೆ.

ಈಗ ನಮ್ಮ ಅನುಭವವನ್ನು ಹೇಳಿಬಿಡುತ್ತೇವೆ. 2021ರಲ್ಲಿ, ತಿಂಗಳ ಮೊದಲ ವಾರ, ಪಶ್ಚಿಮದ ಉಪನಗರವೊಂದರ ನಮ್ಮ ಶಾಖೆ ಜನರಿಂದ ಕಿಕ್ಕಿರಿದಿತ್ತು. ಕುಂದಾಪುರದ ಕಡೆಯ ಹಿರಿಯರೊಬ್ಬರು, ನಲವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ದುಡಿದವರು, ಮೊಬೈಲನ್ನು ಗಾಜಿನ ಕೆಳಗಿನಿಂದ ಒಳಗೆ ತಳ್ಳಿ, “ಮಾಣಿ, ಹೊಸ ಕಾರ್ಡು ಬಂತು, ಇದರಲ್ಲಿ ಇನ್ನೂ ಹಳೇದೇ ಕಾಣುತ್ತದಲ್ಲ, ಎಂತ ಮಾಡುದು?” ಎಂದು ಕೇಳಿದರು. ನಾವು ತಲೆಯೆತ್ತಿ ಸರಿಯಾಗಿ ನೋಡಲೂ ಇಲ್ಲ. “ಅದು ಬ್ಯಾಂಕಿನ ಕೆಲಸವಲ್ಲ ಮಾಮ, ವಾಲೆಟ್‌ನವರನ್ನೇ ಕೇಳಿ” ಎಂದು ಮುಂದಿನವರನ್ನು ಕರೆದೆವು.

ಅವರು ಕೇಳಿದರು. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ ಸಹಾಯವಾಣಿಯ ಸಂಖ್ಯೆಗೆ ಫೋನು ಮಾಡಿದರು. ಅದು ವಂಚಕರು ಹಾಕಿಟ್ಟ ಬಲೆ. ಆ ಕಡೆಯವನು ವಿನಯದಿಂದ, “ನಿಮ್ಮ ಬ್ಯಾಂಕು ವಿಲೀನವಾಗಿದೆಯಲ್ಲವೇ, ಈಗಲೇ ಸರಿಪಡಿಸುತ್ತೇನೆ” ಎಂದು ಹಿಂದಿಯಲ್ಲಿ ಹೇಳಿದನಂತೆ. ಹಿರಿಯರು ಕಾರ್ಡಿನ ಅಂಕೆಗಳನ್ನೂ, ಅವಧಿ ಮುಗಿಯುವ ತಿಂಗಳನ್ನೂ, ಹಿಂಬದಿಯ ಮೂರಂಕೆಯನ್ನೂ, ಕಡೆಗೆ ಓಟಿಪಿಯನ್ನೂ ಕನ್ನಡಕ ಹಾಕಿಕೊಂಡು ತಪ್ಪಿಲ್ಲದಂತೆ ಓದಿ ಹೇಳಿದರು. 23,000 ರೂಪಾಯಿ ಹೋಯಿತು. ಮೂರನೆಯ ದಿನ ಶಾಖೆಗೆ ಬಂದರು. ನಾವು ಅರ್ಜಿ ಬರೆದುಕೊಟ್ಟೆವು, ಕಾರ್ಡನ್ನು ನಿಲ್ಲಿಸಿದೆವು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು, ಗಿರಾಕಿಯೇ ಗುಟ್ಟಿನ ಸಂಖ್ಯೆ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ ಎಂದು ವಿಧಿಸಿತ್ತು. ಹಣ ಮರಳಿ ಬರಲಿಲ್ಲ. ಅವರು ನಮ್ಮ ಮೇಲೆ ಕೋಪಿಸಿಕೊಳ್ಳಲಿಲ್ಲ. “ನೀನು ಹೇಳಿದ ಹಾಗೆಯೇ ಮಾಡಿದೆ, ಮಾಣಿ” ಎಂದಷ್ಟೇ ಅಂದರು. ಆ ಮಾತನ್ನು ನಾವು ಇಂದಿಗೂ ಮರೆತಿಲ್ಲ.

ಕಾರ್ಡಿನ ನಿಜವಾದ ಸಂಖ್ಯೆಯು ಹತ್ತಾರು ಅಂಗಡಿಗಳಲ್ಲಿಯೂ ವಾಲೆಟ್‌ಗಳಲ್ಲಿಯೂ ಬಿದ್ದಿರುವುದೇ ಅಪಾಯವೆಂದು ಕಂಡು ರಿಸರ್ವ್ ಬ್ಯಾಂಕು ಅದಕ್ಕೂ ತಡೆ ಹಾಕಿತು. 2021ರ ಸೆಪ್ಟೆಂಬರಿನಲ್ಲಿ ಆಜ್ಞೆ ಹೊರಟು, ಗಡುವು ಎರಡು ಸಲ ಮುಂದೆ ಹೋಗಿ, 2022ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂದಿತು. ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ಜಾಲವನ್ನು ನಡೆಸುವವರ ಹೊರತು ಬೇರಾರೂ ಪೂರ್ಣ ಸಂಖ್ಯೆಯನ್ನು ಇಟ್ಟುಕೊಳ್ಳಕೂಡದು. ಗುರುತಿಗಾಗಿ ಕಡೆಯ ನಾಲ್ಕು ಅಂಕೆಗಳು ಮತ್ತು ಬ್ಯಾಂಕಿನ ಹೆಸರಷ್ಟೇ ಅವರ ಬಳಿ ಉಳಿಯಬಹುದು. ಸಂಖ್ಯೆಯ ಬದಲಿಗೆ ಅವರಿಗೆ ಸಿಗುವುದು ಒಂದು ಟೋಕನ್. ಆ ಕಾರ್ಡಿಗೆ, ಆ ಅಂಗಡಿಗೆ ಮಾತ್ರ ಸಲ್ಲುವ ಸಂಕೇತ ಅದು. ಬೇರೆಡೆ ಅದಕ್ಕೆ ಕಾಸಿನ ಬೆಲೆಯಿಲ್ಲ. ಇದು ನಮ್ಮ ಹಿತ್ತಾಳೆಯ ಬಿಲ್ಲೆಯಲ್ಲದೆ ಮತ್ತೇನು? ಹೆಸರನ್ನೂ ಹಾಗೆಯೇ ಉಳಿಸಿಕೊಂಡು, ಕಪಾಟಿನ ಪೆಟ್ಟಿಗೆಯಿಂದೆದ್ದು ಮೊಬೈಲಿಗೆ ಬಂದಿದೆ, ಅಷ್ಟೆ.

ಬಿಲ್ಲೆಯ ಈ ಸ್ವಭಾವ ತಿಳಿದರೆ ತಿದ್ದುವ ಕ್ರಮವೂ ತಾನಾಗಿ ತಿಳಿಯುತ್ತದೆ. ಚೆಕ್ಕು ಹೊಸದಾದರೆ ಬಿಲ್ಲೆಯೂ ಹೊಸದು. ಕಾರ್ಡು ಹೊಸದಾದರೆ ಟೋಕನ್ನೂ ಹೊಸದು, ಅದಕ್ಕೆ ಕಾರ್ಡಿನ ಒಡೆಯನ ಸ್ಪಷ್ಟ ಒಪ್ಪಿಗೆ ಬೇಕು. ವಾಲೆಟ್‌ನಲ್ಲಿ ಉಳಿಸಿಟ್ಟ ಕಾರ್ಡುಗಳ ಪಟ್ಟಿಗೆ ಹೋಗಿ ಹಳೆಯದನ್ನು ತೆಗೆದುಹಾಕಬೇಕು, ಹೊಸದನ್ನು ಸೇರಿಸಬೇಕು, ಒಪ್ಪಿಗೆಯ ಗುರುತು ಹಾಕಬೇಕು, ಬಂದ ಓಟಿಪಿಯನ್ನು ತನ್ನ ಕೈಯಿಂದಲೇ ಅಲ್ಲಿ ತುಂಬಬೇಕು. ಈ ಕೆಲಸದಲ್ಲಿ ಫೋನಿನಲ್ಲಿ ಬಾಯಿಬಿಟ್ಟು ಹೇಳಬೇಕಾದ ಅಂಕೆ ಒಂದೂ ಇಲ್ಲ. ಅಂಗೈಯೊಳಗಿನ ಬಿಲ್ಲೆಯನ್ನು ಹೊರಗಿನವನ ಕೈಗೆ ಯಾರಾದರೂ ಕೊಡುತ್ತಿದ್ದರೇ? ಸಂದೇಹ ಬಂದರೆ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ಸಂಖ್ಯೆಗೇ ಫೋನು ಮಾಡಬೇಕು. ಮೋಸವಾಯಿತೆಂದು ತಿಳಿದ ಗಳಿಗೆಯಲ್ಲಿಯೇ ಬ್ಯಾಂಕಿಗೂ 1930 ಎಂಬ ಸರ್ಕಾರದ ಸಹಾಯವಾಣಿಗೂ ತಿಳಿಸಬೇಕು. ನಾಚಿಕೆಯಿಂದ ಮೂರು ದಿನ ಸುಮ್ಮನಿರಬಾರದು.

ಆದರೆ ಎಷ್ಟು ಬೀಗ ಹಾಕಿದರೂ, ಬಾಗಿಲಿಗೆ ಬರುತ್ತಿದ್ದ ಪಿಗ್ಮಿಯವನ ಜಾಗ ಬರಿದಾಗಿಯೇ ಇದೆ. ಎರಡಾಣೆಗಾಗಿ ಮನೆಬಾಗಿಲಿಗೆ ಬಂದವನು ಎರಡು ಮಾತು ಆಡಿ, ಕೇಳಿದ್ದಕ್ಕೆ ಉತ್ತರ ಹೇಳಿ ಹೋಗುತ್ತಿದ್ದನು. ಬ್ಯಾಂಕುಗಳ ಹೆಸರು ಹೋದದ್ದಕ್ಕೆ ನಾವು ಮರುಗುತ್ತೇವೆ, ಮರುಗುವುದು ಸಹಜ. ಆ ಹೆಸರುಗಳ ಹಿಂದಿದ್ದ ಗುಣವನ್ನಾದರೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ನಮ್ಮ ಸಂಘದಲ್ಲಿ ಮೊಬೈಲನ್ನು ಚೆನ್ನಾಗಿ ಬಲ್ಲ ತರುಣ ತರುಣಿಯರಿಗೆ ಕೊರತೆಯಿಲ್ಲ. ಕೇಳಲು ಸಂಕೋಚಪಡುವ ಹಿರಿಯರಿಗೂ ಕೊರತೆಯಿಲ್ಲ. ತಿಂಗಳಿಗೊಂದು ಭಾನುವಾರ ಸಂಘದ ಜಗಲಿಯಲ್ಲಿ ಇಬ್ಬರೂ ಒಂದು ಗಂಟೆ ಜೊತೆಯಾಗಿ ಕುಳಿತರೆ ಎಷ್ಟೋ ಮನೆಗಳ ಉಳಿತಾಯ ಉಳಿದೀತು. ಇದಕ್ಕೆ ಮೊದಲನೆಯವರಾಗಿ ನಮ್ಮ ಹೆಸರನ್ನು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇವೆ.

ಆ ಹಿರಿಯರು ಈಗಲೂ ಶಾಖೆಗೆ ಬರುತ್ತಾರೆ. ಮೊಬೈಲನ್ನು ಗಾಜಿನ ಕೆಳಗೆ ತಳ್ಳುವ ಮೊದಲೇ ನಾವು ಎದ್ದು ಹೊರಗೆ ಹೋಗಿ ಅವರ ಪಕ್ಕದಲ್ಲಿ ನಿಲ್ಲುತ್ತೇವೆ. ಸಾಲಿನಲ್ಲಿರುವವರು ಗೊಣಗುತ್ತಾರೆ, ಗೊಣಗಲಿ. ಹೊಸ ಕಾರ್ಡನ್ನು ಅವರೇ ಸೇರಿಸಿದರು, ಓಟಿಪಿಯನ್ನು ನಮಗೂ ತೋರಿಸದೆ ಕೈ ಮರೆಮಾಡಿ ಒತ್ತಿದರು. ನಮಗೆ ಅದಕ್ಕಿಂತ ಸಂತೋಷದ ಸಂಗತಿ ಬೇರೊಂದಿಲ್ಲ.