ಶ್ರುತರಕ್ಷಣೆ: ಮಣ್ಣೆಯಿಂದ ಮೂಡಬಿದಿರೆಗೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಒಂದು ಗ್ರಾಮ. ಕ್ರಿ.ಶ. ಎಂಟನೆಯ ಶತಮಾನದಲ್ಲಿ ಇದು ಮಾನ್ಯಪುರವೆಂಬ ಹೆಸರಿನಿಂದ ಗಂಗ ಅರಸರ ರಾಜಧಾನಿಯಾಗಿದ್ದಿತು. ಗಂಗರ ಸೇನಾನಿ ಶ್ರೀವಿಜಯನು ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನು. ಅದಕ್ಕೆ ಸಂದ ದತ್ತಿಗಳನ್ನು ಕ್ರಿ.ಶ. 797 ಮತ್ತು 802ರ ತಾಮ್ರಶಾಸನಗಳು ದಾಖಲಿಸಿವೆ. ಕೊಂಡಕುಂದಾನ್ವಯದ ತೋರಣಾಚಾರ್ಯರು, ಅವರ ಶಿಷ್ಯ ಪುಷ್ಪನಂದಿ, ಪ್ರಶಿಷ್ಯ ಪ್ರಭಾಚಂದ್ರ ಎಂಬ ಗುರುಪರಂಪರೆಯನ್ನು ಈ ಶಾಸನಗಳಿಂದ ತಿಳಿಯಬಹುದು. ದತ್ತಿಯ ಜೊತೆಗೆ ಗುರುಗಳ ಹೆಸರನ್ನೂ ಬರೆಯಿಸಿದುದು ಅರ್ಥಪೂರ್ಣವಾಗಿದೆ. ಅಂದಿನವರ ಗೌರವ ಸಂದುದು ಕಟ್ಟಡಕ್ಕೆ ಮಾತ್ರವಲ್ಲ, ಒಬ್ಬರಿಂದೊಬ್ಬರಿಗೆ ಸಾಗಿಬಂದ ಅರಿವಿಗೂ ಹೌದು.

ಈ ಅರಿವಿಗೆ ಜೈನ ಪರಂಪರೆಯಲ್ಲಿ ಶ್ರುತವೆಂದು ಹೆಸರು, ಅಂದರೆ ಕೇಳಿದುದು. ಅದು ಮೊದಲಿಗೆ ಮುನಿಗಳ ನೆನಪಿನಲ್ಲಿಯೇ ಉಳಿದಿತ್ತು. ನೆನಪು ಕ್ಷೀಣಿಸುವುದನ್ನು ಕಂಡ ಧರಸೇನಾಚಾರ್ಯರು ಗಿರಿನಗರದಲ್ಲಿ ಪುಷ್ಪದಂತ ಹಾಗೂ ಭೂತಬಲಿ ಮುನಿಗಳಿಗೆ ತಮ್ಮ ಜ್ಞಾನವನ್ನು ಧಾರೆಯೆರೆದರು. ಅವರಿಂದ ಷಟ್ಖಂಡಾಗಮ ರಚಿತವಾಯಿತು. ಅದು ಪೂರ್ಣಗೊಂಡ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿ. ಮಣ್ಣೆಯ ಎರಡನೆಯ ಶಾಸನ ಹುಟ್ಟಿದ ಹದಿನಾಲ್ಕು ವರ್ಷಗಳ ಬಳಿಕ, ಕ್ರಿ.ಶ. 816ರಲ್ಲಿ, ವೀರಸೇನಾಚಾರ್ಯರು ಆ ಆಗಮಕ್ಕೆ 72,000 ಶ್ಲೋಕಪ್ರಮಾಣದ ಧವಲಾ ಟೀಕೆಯನ್ನು ಮುಗಿಸಿದರು. ಅವರು ಆರಂಭಿಸಿದ ಜಯಧವಲೆಯನ್ನು ಶಿಷ್ಯ ಜಿನಸೇನಾಚಾರ್ಯರು 837ರಲ್ಲಿ ಪೂರೈಸಿದರು.

ತಾಮ್ರವು ನೆಲದಲ್ಲಿ ಹೂತರೂ ಉಳಿಯುತ್ತದೆ. ಓಲೆಗರಿ ಹಾಗಲ್ಲ. ಗೆದ್ದಲು, ತೇವ, ಹುಳು ಇವುಗಳಿಂದ ಅದನ್ನು ಕಾಯಬೇಕು. ಕೆಲವು ತಲೆಮಾರುಗಳಿಗೊಮ್ಮೆಯಾದರೂ ಹೊಸ ಪ್ರತಿ ಬರೆಯಿಸಬೇಕು. ಈ ಭಾರವನ್ನು ಮುನಿಗಳೊಡನೆ ಶ್ರಾವಕ-ಶ್ರಾವಕಿಯರೂ ಹೊತ್ತರು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದು ಪ್ರಸಿದ್ಧ. ಮಲ್ಲಿಕಬ್ಬೆ ಎಂಬ ಶ್ರಾವಕಿ ತನ್ನ ಪಂಚಮೀ ವ್ರತದ ಉದ್ಯಾಪನೆಗಾಗಿ ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು.

ಧವಲೆ, ಜಯಧವಲೆ, ಮಹಾಬಂಧಗಳ ಕನ್ನಡ ಲಿಪಿಯ ಈ ಓಲೆಪ್ರತಿಗಳನ್ನು ಮೂಡಬಿದಿರೆಯ ಸಿದ್ಧಾಂತ ಬಸದಿಯು ಶತಮಾನಗಳ ಕಾಲ ಕಾಪಾಡಿತು. ಬೇರೆಲ್ಲಿಯೂ ಉಳಿಯದುದು ಅಲ್ಲಿ ಉಳಿಯಿತು. ಅದಕ್ಕಾಗಿ ಸಮಾಜವು ಅಲ್ಲಿನ ಭಟ್ಟಾರಕ ಪರಂಪರೆಗೆ ಸದಾ ಋಣಿ. ಆದರೆ ಕಾಲಕ್ರಮದಲ್ಲಿ ಈ ಗ್ರಂಥಗಳು ಓದಿಗಿಂತ ದರ್ಶನಕ್ಕೇ ಹೆಚ್ಚು ಮೀಸಲಾದವು. ಅವಿನಯವಾದೀತೆಂಬ ಭಯವಿತ್ತು, ಸಿದ್ಧಾಂತದ ಅಧ್ಯಯನ ಗೃಹಸ್ಥರಿಗೆ ಸಲ್ಲದೆಂಬ ಮತವೂ ಕೆಲವು ಶ್ರಾವಕಾಚಾರಗಳಲ್ಲಿದ್ದಿತು. 1896ರಲ್ಲಿ ಆರಂಭವಾದ ಪ್ರತಿಲೇಖನ ಕಾರ್ಯವು 1922ರವರೆಗೆ ನಡೆಯಿತು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಪ್ರಥಮ ಸಂಪುಟ 1939ರಲ್ಲಿ ಪ್ರಕಟವಾಯಿತು. ಮುಂದೆ ಹದಿನಾರು ಸಂಪುಟಗಳಲ್ಲಿ ಅದು ಪೂರ್ಣವಾಯಿತು. ಮಹಾಬಂಧದ ವಿಷಯದಲ್ಲಿ ಅಷ್ಟು ಭಾಗ್ಯವಿರಲಿಲ್ಲ. ಅದರ ಕೆಲವು ಗರಿಗಳು ಆ ವೇಳೆಗೆ ನಾಶವಾಗಿದ್ದವು. ಆ ಗರಿಗಳಲ್ಲಿದ್ದ ಮಾತುಗಳನ್ನು ಎಷ್ಟು ಭಕ್ತಿಯಿಂದ ಪೂಜಿಸಿದರೂ ಮರಳಿ ಪಡೆಯಲಾಗದು.

ತತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನು ಹೆಸರಿಸುತ್ತದೆ. ತಿಳಿದುದನ್ನು ಮರೆಮಾಚುವುದು, ಯೋಗ್ಯನಿಗೂ ಕೊಡದಿರುವುದು, ಕಲಿಯುವವನಿಗೆ ಅಡ್ಡಿಯಾಗುವುದು ಇವೇ ಅವು. ಗ್ರಂಥವನ್ನು ಸುಡುವುದೊಂದೇ ದೋಷವಲ್ಲ. ಬೀಗ ಹಾಕಿ ಮರೆಯುವುದೂ ಅದೇ ಫಲವನ್ನು ಕೊಡಬಲ್ಲುದು. ಆಹಾರ, ಔಷಧ, ಅಭಯಗಳ ಸಾಲಿನಲ್ಲಿ ಶಾಸ್ತ್ರವನ್ನು ದಾನವೆಂದೇ ಹಿರಿಯರು ಕರೆದಿದ್ದಾರೆ. ಕೈ ದಾಟದುದು ದಾನವಾಗದು.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡನಾಡಿನ ತಾಡಪತ್ರ ಗ್ರಂಥಸೂಚಿ 1948ರಲ್ಲಿ ಪ್ರಕಟವಾಯಿತು. ಅಂತಹ ಕಾರ್ಯ ಪ್ರತಿಯೊಂದು ಬಸದಿಯಲ್ಲಿಯೂ, ಹಳೆಯ ಮನೆಗಳ ಅಟ್ಟಗಳಲ್ಲಿಯೂ ನಡೆಯಬೇಕಾಗಿದೆ. ಶ್ರುತಪಂಚಮಿಯಂದು ಕಟ್ಟುಗಳಿಗೆ ಅರ್ಘ್ಯವೆತ್ತುವುದರ ಜೊತೆಗೆ ಅವನ್ನು ಬಿಚ್ಚಿ, ಧೂಳು ತೆಗೆದು, ಗರಿಗಳನ್ನು ಎಣಿಸಿ, ಬಲ್ಲವರಿಂದ ಓದಿಸಿ, ಛಾಯಾಪ್ರತಿ ಮಾಡಿಸುವುದು ಆಡಳಿತ ಮಂಡಳಿಗಳಿಗೆ ಅಸಾಧ್ಯವೇನಲ್ಲ. ಮಣ್ಣೆಯ ಗುರುಗಳ ಹೆಸರನ್ನು ತಾಮ್ರ ಉಳಿಸಿತು. ಗುರುಗಳ ಮಾತನ್ನು ಉಳಿಸುವ ಹೊಣೆ ಮಾತ್ರ ಮನುಷ್ಯರದು.