ವುಡ್‌ಸ್ಟಾಕ್‌ನಲ್ಲಿ ಸಾಂಟಾನಾ

1969ರ ಆಗಸ್ಟ್ 16, ಶನಿವಾರ ಮಧ್ಯಾಹ್ನ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ಸಾಂಟಾನಾ’ ತಂಡ ನೀಡಿದ ಸುಮಾರು ಮುಕ್ಕಾಲು ಗಂಟೆಯ ಕಚೇರಿಗೆ ರಾಕ್ ಸಂಗೀತದ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಅಂದು ವೇದಿಕೆ ಹತ್ತಿದಾಗ ತಂಡದ ಒಂದು ಆಲ್ಬಮ್ ಕೂಡ ಅಂಗಡಿಗೆ ಬಂದಿರಲಿಲ್ಲ. ಹೊಲದಲ್ಲಿ ನೆರೆದಿದ್ದ ಲಕ್ಷಾಂತರ ಜನರಲ್ಲಿ ಹೆಚ್ಚಿನವರು ಅದರ ಹೆಸರನ್ನೂ ಕೇಳಿದವರಲ್ಲ.

ಉತ್ಸವ ನಡೆದದ್ದು ನ್ಯೂಯಾರ್ಕ್ ರಾಜ್ಯದ ಬೆಥೆಲ್‌ನಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರನ ಜಮೀನಿನಲ್ಲಿ. ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತ, ಹಿರಿಯರ ರೀತಿನೀತಿಗಳಿಗೆ ಬೆನ್ನು ಹಾಕಿದ್ದ ಹಿಪ್ಪಿ ಪೀಳಿಗೆಯ ದೊಡ್ಡ ಜಾತ್ರೆ ಅದು. ಬೇಲಿ ಪೂರ್ತಿಯಾಗುವ ಮೊದಲೇ ಜನ ಒಳನುಗ್ಗಿದ್ದರಿಂದ ಟಿಕೆಟ್ ಕೇಳುವವರೇ ಇಲ್ಲವಾದರು. ಮೊದಲ ರಾತ್ರಿ ಮಳೆಯ ನಡುವೆಯೇ ಪಂಡಿತ್ ರವಿಶಂಕರ್ ಸಿತಾರ್ ನುಡಿಸಿದ್ದರು. ತಬಲಾದಲ್ಲಿ ಅಲ್ಲಾರಖಾ ಇದ್ದರು.

ಇಂಥ ವೇದಿಕೆಗೆ ಹೆಸರಿಲ್ಲದ ಒಂದು ತಂಡ ಬಂದದ್ದಕ್ಕೆ ಕಾರಣ ಬಿಲ್ ಗ್ರಹಾಂ. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ಸಭಾಂಗಣದ ಈ ಸಂಘಟಕ ಆಗಿನ ರಾಕ್ ಲೋಕದಲ್ಲಿ ಬಹಳ ಪ್ರಭಾವಿ. ವುಡ್‌ಸ್ಟಾಕ್‌ನ ಸಂಘಟಕರು ನೆರವು ಕೋರಿದಾಗ, ತನ್ನ ಹುಡುಗರಿಗೂ ಒಂದು ಅವಕಾಶ ಕೊಡಬೇಕೆಂದು ಆತ ಪಟ್ಟು ಹಿಡಿದ. ಶಿಫಾರಸು ಎಂದರೆ ಮೂಗು ಮುರಿಯುವವರು ಗಮನಿಸಬೇಕಾದ ಪ್ರಸಂಗ ಇದು.

ತಂಡದಲ್ಲಿದ್ದವರು ಆರು ಮಂದಿ. ಗಿಟಾರ್ ನುಡಿಸುತ್ತಿದ್ದ ಕಾರ್ಲೋಸ್ ಸಾಂಟಾನಾ ಮೆಕ್ಸಿಕೋದ ಔಟ್ಲಾನ್‌ನಲ್ಲಿ ಹುಟ್ಟಿದ ಇಪ್ಪತ್ತೆರಡರ ಯುವಕ, ಮಾರಿಯಾಚಿ ಪಿಟೀಲು ವಾದಕನ ಮಗ. ಆರ್ಗನ್ ಮತ್ತು ಗಾಯನ ಗ್ರೆಗ್ ರೋಲಿಯದು, ಬಾಸ್ ಡೇವಿಡ್ ಬ್ರೌನ್‌ನದು. ಡ್ರಮ್ಸ್‌ನಲ್ಲಿ ಮೈಕಲ್ ಶ್ರೀವ್, ಕಾಂಗಾದಲ್ಲಿ ಮೈಕಲ್ ಕ್ಯಾರಬೆಲ್ಲೊ, ಟಿಂಬಾಲೆಸ್ ಮತ್ತಿತರ ವಾದ್ಯಗಳಲ್ಲಿ ನಿಕರಾಗುವಾದ ಹೋಸೆ ‘ಚೆಪಿಟೊ’ ಅರಿಯಾಸ್. ಅಂದರೆ ಅರ್ಧ ತಂಡ ತಾಳವಾದ್ಯದವರದೇ. ಆ ಕಾಲದ ರಾಕ್ ತಂಡಗಳಲ್ಲಿ ಇದು ಅಪರೂಪ. ತಂಡ ನುಡಿಸುತ್ತಿದ್ದ ರಚನೆಗಳಲ್ಲಿ ‘ಜಿಂಗೊ’ದ ಮೂಲ ನೈಜೀರಿಯಾದ ಬಾಬಾಟುಂಡೆ ಒಲಾಟುಂಜಿಯ ರಚನೆಯಲ್ಲಿದ್ದರೆ, ‘ಈವಿಲ್ ವೇಸ್’ ಅದಕ್ಕೂ ಮುಂಚೆ ಲ್ಯಾಟಿನ್ ತಾಳವಾದಕ ವಿಲಿ ಬೋಬೊನ ಆಲ್ಬಮ್‌ನಲ್ಲಿ ಬಂದಿದ್ದ ಹಾಡು. ಇವುಗಳಿಗೆ ಬ್ಲೂಸ್ ಗಿಟಾರಿನ ಎಳೆತವನ್ನು ಬೆರೆಸಿದ್ದೇ ತಂಡದ ಹೊಸತನ.

ರಸ್ತೆಗಳೆಲ್ಲ ಕಾರುಗಳಿಂದ ಕಟ್ಟಿಹೋಗಿದ್ದರಿಂದ ಕಲಾವಿದರನ್ನು ಹೆಲಿಕಾಪ್ಟರ್‌ನಲ್ಲಿ ಕರೆತರಲಾಗುತ್ತಿತ್ತು, ಸರದಿಯ ಪಟ್ಟಿ ಯಾವಾಗ ಬೇಕಾದರೂ ಬದಲಾಗುತ್ತಿತ್ತು. ಕಾರ್ಲೋಸ್ ಮುಂದೆ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ತಮ್ಮ ಸರದಿಗೆ ಇನ್ನೂ ಬಹಳ ಹೊತ್ತಿದೆ ಎಂದುಕೊಂಡು ಆತ ಗ್ರೇಟ್‌ಫುಲ್ ಡೆಡ್‌ನ ಜೆರ್ರಿ ಗಾರ್ಸಿಯಾ ಕೊಟ್ಟ ಮೆಸ್ಕಲಿನ್ ಎಂಬ ಭ್ರಾಮಕ ಮಾದಕವನ್ನು ಸೇವಿಸಿದ್ದ. ಅದು ತಲೆಗೇರುವ ಹೊತ್ತಿಗೆ, ಈಗಲೇ ವೇದಿಕೆ ಹತ್ತಿ, ಇಲ್ಲವಾದರೆ ಅವಕಾಶವೇ ಇಲ್ಲ ಎಂಬ ಸೂಚನೆ ಬಂತು. ಕೈಯಲ್ಲಿದ್ದ ಗಿಬ್ಸನ್ ಗಿಟಾರಿನ ಕತ್ತು ಹಾವಿನಂತೆ ಹೊರಳಾಡುತ್ತಿರುವಂತೆ ಅವನಿಗೆ ಕಾಣುತ್ತಿತ್ತಂತೆ. ಶ್ರುತಿ ತಪ್ಪದಿರಲಿ, ಲಯ ತಪ್ಪದಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಲೇ ನುಡಿಸಿದೆ ಎಂದು ಆತ ಹೇಳಿದ್ದಾನೆ. ಉತ್ಸವದ ಬಗ್ಗೆ ಮುಂದೆ ಬಂದ ಸಾಕ್ಷ್ಯಚಿತ್ರದಲ್ಲಿ ಕಾಣುವ ಬಿಗಿದ ದವಡೆ, ಮುಚ್ಚಿದ ಕಣ್ಣು, ಸೊಟ್ಟಗಾದ ಮುಖ ಇವೆಲ್ಲ ತನ್ಮಯತೆಯ ಲಕ್ಷಣವೆಂದು ಆಮೇಲೆ ಲಕ್ಷಾಂತರ ಜನ ಮೆಚ್ಚಿಕೊಂಡರು.

ಕಚೇರಿಯ ತಿರುಳಿರುವುದು ‘ಸೋಲ್ ಸ್ಯಾಕ್ರಿಫೈಸ್’ ಎಂಬ ವಾದ್ಯರಚನೆಯಲ್ಲಿ. ಬಾಸ್ ಮತ್ತು ಕಾಂಗಾ ಮೊದಲು ನಡೆಯನ್ನು ಕಟ್ಟುತ್ತವೆ. ಗಿಟಾರ್ ಅದರ ಮೇಲೆ ಚುಟುಕಾದ ಮಾತುಗಳನ್ನು ಎಸೆಯುತ್ತದೆ. ಬಳಿಕ ಎಲ್ಲರೂ ಹಿಂದೆ ಸರಿದು ಇಪ್ಪತ್ತರ ಹರೆಯದ ಶ್ರೀವ್‌ನೊಬ್ಬನನ್ನೇ ಬಿಡುತ್ತಾರೆ. ನಮ್ಮ ಕಚೇರಿಗಳ ತನಿ ಆವರ್ತನದ ಹಾಗೆ. ವ್ಯತ್ಯಾಸವೆಂದರೆ ಅಲ್ಲಿ ಯಾರೂ ಕಾಫಿಗೆಂದು ಎದ್ದು ಹೋಗಲಿಲ್ಲ. ಆರ್ಭಟದ ನಡುವೆ ಅವನು ಕೈಯನ್ನು ಹಗುರ ಮಾಡಿ, ಸ್ನೇರ್ ಡ್ರಮ್ಮಿನ ಮೇಲಿನ ಸದ್ದನ್ನು ಹೆಚ್ಚುಕಡಿಮೆ ಪಿಸುಮಾತಿಗೆ ಇಳಿಸಿ, ಅಲ್ಲಿಂದ ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾನೆ. ಬಯಲಿನಲ್ಲಿ, ಅಷ್ಟು ಜನರ ಮುಂದೆ ಸದ್ದನ್ನು ತಗ್ಗಿಸುವುದಕ್ಕೆ ಎದೆಗಾರಿಕೆ ಬೇಕು. ಹಾಡು ಗೊತ್ತಿಲ್ಲದ ಕೇಳುಗರನ್ನು ಸಾಂಟಾನಾ ಗೆದ್ದದ್ದು ಲಯದಿಂದಲೇ. ಆ ಮಧ್ಯಾಹ್ನ ಮಾತಿಗೆ ಹೆಚ್ಚಿನ ಕೆಲಸವಿರಲಿಲ್ಲ.

ಈ ಕಚೇರಿ ಜಗತ್ತಿಗೆ ಮುಟ್ಟಿದ್ದು ಮೈಕಲ್ ವಾಡ್ಲೆ ನಿರ್ದೇಶನದ ‘ವುಡ್‌ಸ್ಟಾಕ್’ (1970) ಸಾಕ್ಷ್ಯಚಿತ್ರದ ಮೂಲಕ. ಆಸ್ಕರ್ ಪಡೆದ ಈ ಚಿತ್ರದ ಸಂಕಲನದಲ್ಲಿ ಥೆಲ್ಮಾ ಸ್ಕೂನ್‌ಮೇಕರ್ ಮತ್ತು ಆಗಿನ್ನೂ ಹೆಸರು ಮಾಡದಿದ್ದ ಮಾರ್ಟಿನ್ ಸ್ಕಾರ್ಸೇಸಿ ಕೆಲಸ ಮಾಡಿದ್ದರು. ತೆರೆಯನ್ನು ಸೀಳಿ, ಒಂದೆಡೆ ಡ್ರಮ್ಮು, ಇನ್ನೊಂದೆಡೆ ಗಿಟಾರು, ಮಗದೊಂದೆಡೆ ಕುಣಿಯುವ ಜನರನ್ನು ತೋರಿಸುವ ತಂತ್ರ ಈ ರಚನೆಗೆ ಹೇಳಿ ಮಾಡಿಸಿದಂತಿತ್ತು. ಚಿತ್ರದ ಜತೆ ಬಂದ ಮೂರು ಧ್ವನಿಮುದ್ರಿಕೆಗಳ ಸಂಪುಟದಲ್ಲಿ ಮಳೆ ನಿಲ್ಲಲೆಂದು ಜನ ಕೂಗುವ ಮಂತ್ರಘೋಷ ಮುಗಿದೊಡನೆ ‘ಸೋಲ್ ಸ್ಯಾಕ್ರಿಫೈಸ್’ ಶುರುವಾಗುತ್ತದೆ. ಆ ಬಿರುಮಳೆ ಸುರಿದದ್ದು ಮಾತ್ರ ಮರುದಿನ ಭಾನುವಾರ, ಜೋ ಕಾಕರ್ ಹಾಡಿ ಇಳಿದ ಮೇಲೆ. ಚರಿತ್ರೆ ಹೀಗೆ ಕತ್ತರಿಗೂ ಒಳಗಾಗುತ್ತದೆ. ಸಾಂಟಾನಾ ಮಳೆಯಲ್ಲಿ ನುಡಿಸಿತೆಂದು ಯಾರಾದರೂ ನಂಬಿದ್ದರೆ ತಪ್ಪು ಅವರದಲ್ಲ.

ಉತ್ಸವ ಮುಗಿದ ಕೆಲವೇ ದಿನಗಳಲ್ಲಿ ಹೊರಬಂದ ಚೊಚ್ಚಲ ಆಲ್ಬಮ್ ‘ಸಾಂಟಾನಾ’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನ ಮುಟ್ಟಿತು. ಮರುವರ್ಷದ ‘ಅಬ್ರಾಕ್ಸಸ್’ ಮೊದಲ ಸ್ಥಾನಕ್ಕೇರಿತು. ಅದೇ 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ, ಹಿಂಸೆ ಮತ್ತು ಕೊಲೆಯಲ್ಲಿ ಕೊನೆಗೊಂಡ ಉತ್ಸವದಲ್ಲಿ ಮೊದಲು ನುಡಿಸಿದ ತಂಡವೂ ಇದೇ. ಕೆಲವು ವರ್ಷಗಳಲ್ಲಿ ಕಾರ್ಲೋಸ್ ಬಂಗಾಳಿ ಮೂಲದ ಶ್ರೀ ಚಿನ್ಮಯ್ ಅವರ ಶಿಷ್ಯನಾಗಿ ‘ದೇವದೀಪ’ ಎಂಬ ಹೆಸರು ಪಡೆದ. ಅಷ್ಟರಲ್ಲಿ ವುಡ್‌ಸ್ಟಾಕ್‌ನ ಆರು ಮಂದಿ ಚದುರಿದ್ದರು; ರೋಲಿ ‘ಜರ್ನಿ’ ತಂಡ ಕಟ್ಟಿದವರಲ್ಲೊಬ್ಬನಾದ. ಅಂದಿನ ಕಚೇರಿಯ ಧ್ವನಿಮುದ್ರಣ 2009ರಲ್ಲಿ ಚೊಚ್ಚಲ ಆಲ್ಬಮ್‌ನೊಂದಿಗೆ ಜೋಡಿಯಾಗಿ ಬಿಡುಗಡೆಯಾಯಿತು. 2016ರ ‘ಸಾಂಟಾನಾ 4’ ಆಲ್ಬಮ್‌ಗಾಗಿ ಕಾರ್ಲೋಸ್, ರೋಲಿ, ಶ್ರೀವ್ ಮತ್ತು ಕ್ಯಾರಬೆಲ್ಲೊ ಮತ್ತೆ ಒಟ್ಟಾದರು. ಬಾಸ್ ನುಡಿಸಿದ್ದ ಬ್ರೌನ್ 2000ದಲ್ಲೇ ತೀರಿಕೊಂಡಿದ್ದ.